ಪಥ್ಯದ ಪಟ್ಟಿ ಇಲ್ಲದೆ ತೂಕ ಇಳಿಯುವುದು ಹೇಗೆ?

ರಕ್ತಪರೀಕ್ಷೆಯ ವರದಿ ನೋಡಿ ವೈದ್ಯರು "ಸ್ವಲ್ಪ ತೂಕ ಇಳಿಸಿ" ಅನ್ನುತ್ತಾರೆ. ಎಷ್ಟು, ಎಷ್ಟು ದಿನದಲ್ಲಿ, ಏನು ಬಿಟ್ಟು ಏನು ತಿಂದು ಎಂದು ಕೇಳುವಷ್ಟರಲ್ಲಿ ಮುಂದಿನವರ ಸರದಿ ಬಂದಿರುತ್ತದೆ. ಮನೆಗೆ ಬಂದು ಫೋನ್ ತೆಗೆದರೆ ಕಾಣುವುದು ಪಟ್ಟಿಗಳು: ರಾತ್ರಿ ಊಟ ಬಿಡಿ, ಇದನ್ನು ಮುಟ್ಟಬೇಡಿ, ಅದನ್ನು ಮಾತ್ರ ತಿನ್ನಿ, ಏಳು ದಿನದಲ್ಲಿ ಐದು ಕಿಲೋ. ಪಟ್ಟಿ ಹಿಡಿದವರಲ್ಲಿ ಬಹಳ ಮಂದಿ ಕೆಲವು ವಾರ ಇಳಿದು, ಆಮೇಲೆ ಏರಿ, ಕೊನೆಗೆ ತನ್ನ ಮನಸ್ಸೇ ಗಟ್ಟಿಯಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಮನಸ್ಸಿನ ತಪ್ಪು ಇದರಲ್ಲಿ ಬಹಳ ಕಡಿಮೆ. ದೇಹ ತನ್ನ ಲೆಕ್ಕವನ್ನು ಹೇಗೆ ಇಡುತ್ತದೆ ಎಂದು ತಿಳಿದರೆ ಪಟ್ಟಿ ಯಾಕೆ ಕೈಕೊಡುತ್ತದೆ, ಅದಿಲ್ಲದೆ ಏನು ಮಾಡಬಹುದು ಎಂಬ ಎರಡೂ ಗೊತ್ತಾಗುತ್ತವೆ.

## ಮೊದಲು ಕ್ಯಾಲೊರಿ

ಕ್ಯಾಲೊರಿ ಎಂದರೆ ಶಕ್ತಿಯ ಅಳತೆ. ಬಟ್ಟೆಗೆ ಮೀಟರ್ ಇದ್ದಂತೆ ಆಹಾರದ ಶಕ್ತಿಗೆ ಇದು. (ಆಹಾರದ ಪೊಟ್ಟಣದ ಮೇಲೆ ಬರೆಯುವುದು ಕಿಲೋಕ್ಯಾಲೊರಿ, ಮಾತಿನಲ್ಲಿ ಎಲ್ಲರೂ ಕ್ಯಾಲೊರಿ ಎಂದೇ ಅನ್ನುತ್ತಾರೆ, ಇಲ್ಲಿಯೂ ಹಾಗೆಯೇ.) ಪಿಷ್ಟ, ಸಕ್ಕರೆ ಒಂದು ಗ್ರಾಮಿಗೆ ಸುಮಾರು 4 ಕ್ಯಾಲೊರಿ ಕೊಡುತ್ತವೆ. ಪ್ರೋಟೀನ್ ಕೂಡ 4. ಮದ್ಯಸಾರ 7. ಎಣ್ಣೆ, ತುಪ್ಪ, ಬೆಣ್ಣೆಯಲ್ಲಿರುವ ಕೊಬ್ಬು 9.

ಖರ್ಚಾಗದೆ ಉಳಿದ ಶಕ್ತಿಯನ್ನು ದೇಹ ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಆದ್ದರಿಂದ ಯಾವ ದಾರಿ ಹಿಡಿದರೂ ಒಂದು ಮಾತು ತಪ್ಪುವುದಿಲ್ಲ: ತೂಕ ಇಳಿಯಬೇಕಾದರೆ ಒಳಗೆ ಹೋಗುವುದು ಖರ್ಚಿಗಿಂತ ಕಡಿಮೆ ಇರಲೇಬೇಕು. ಪಥ್ಯವಿಲ್ಲದೆ ಇಳಿಸುವುದು ಎಂದರೆ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವ ಉಪಾಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಸಿವಿನಿಂದ ಕಂಗೆಡದೆ ಅದೇ ಲೆಕ್ಕವನ್ನು ಸರಿದೂಗಿಸುವ ಬಗೆ ಅದು.

## ಕಟ್ಟುನಿಟ್ಟು ಯಾಕೆ ಕೈಕೊಡುತ್ತದೆ

ಮೊದಲ ವಾರ ಎರಡು ಮೂರು ಕಿಲೋ ಇಳಿಯುವುದು ಸುಳ್ಳಲ್ಲ, ಆದರೆ ಅದರಲ್ಲಿ ಬಹುಪಾಲು ಕೊಬ್ಬಲ್ಲ. ದೇಹ ತನ್ನ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹವನ್ನು ಇಟ್ಟುಕೊಂಡಿರುತ್ತದೆ, ಒಟ್ಟು ಸುಮಾರು 400ರಿಂದ 500 ಗ್ರಾಂ. ಪ್ರತಿ ಗ್ರಾಮಿನ ಜೊತೆಗೆ ಮೂರು ಗ್ರಾಮಿನಷ್ಟು ನೀರು ಅಂಟಿಕೊಂಡಿರುತ್ತದೆ. ಪಿಷ್ಟ ಬಿಟ್ಟ ಕೂಡಲೇ ಈ ಸಂಗ್ರಹ ಕರಗುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಒಂದು ದಿನ ಹೊಟ್ಟೆ ತುಂಬ ಉಂಡರೆ ಹೋದದ್ದು ಹಾಗೆಯೇ ಹಿಂದಿರುಗುತ್ತದೆ. "ಏಳು ದಿನದಲ್ಲಿ ಐದು ಕಿಲೋ" ಎಂಬ ಜಾಹೀರಾತು ನಿಂತಿರುವುದೇ ಈ ನೀರಿನ ಮೇಲೆ.

ನಿಜವಾದ ತೊಡಕು ಆಮೇಲೆ ಶುರು. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಬಿಡುತ್ತವೆ. ಸಂಗ್ರಹ ಸಾಕಷ್ಟಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಇದು ಪತ್ತೆಯಾದದ್ದು 1994ರಲ್ಲಿ. ಐದು ವರ್ಷದ ನಂತರ ಗ್ರೆಲಿನ್ ಪತ್ತೆಯಾಯಿತು. ಹೊಟ್ಟೆ ಖಾಲಿಯಾದಾಗ ಜಠರದಿಂದ ಹೊರಟು ಹಸಿವನ್ನು ಏಳಿಸುವುದು ಇದು. ತೂಕ ಇಳಿದಂತೆ ಲೆಪ್ಟಿನ್ ತಗ್ಗುತ್ತದೆ, ಗ್ರೆಲಿನ್ ಏರುತ್ತದೆ. ಬೇಕೆಂದೇ ಊಟ ಬಿಟ್ಟಿದ್ದಾರೋ ಬರಗಾಲ ಬಂದಿದೆಯೋ ಎಂಬುದು ಮಿದುಳಿಗೆ ತಿಳಿಯುವುದಿಲ್ಲ. ಅದು ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ.

ಈ ಎಳೆತ ಎಷ್ಟು ಬಲವಾದದ್ದು ಎಂದು ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಅವರ ಸಹೋದ್ಯೋಗಿಗಳು ಅಂದಾಜು ಮಾಡಿದ್ದಾರೆ. ಇಳಿದ ಪ್ರತಿ ಕಿಲೋಗೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ; ಹಸಿವು ಮಾತ್ರ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ. ಎಂದರೆ ಐದು ಕಿಲೋ ಇಳಿಸಿದವರನ್ನು ಹಸಿವು ಮೊದಲಿಗಿಂತ 500 ಕ್ಯಾಲೊರಿ ಜಾಸ್ತಿ ತಿನ್ನುವಂತೆ ಎಳೆಯುತ್ತಿರುತ್ತದೆ. ಖರ್ಚು ಕುಗ್ಗುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಪಟ್ಟಿಯನ್ನು ಮುರಿಯುವುದು ಹೆಚ್ಚಾಗಿ ಈ ಹಸಿವು.

ತೀವ್ರ ಕೊರತೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ಅತ್ಯಂತ ವಿವರವಾದ ದಾಖಲೆ ಎರಡನೇ ಮಹಾಯುದ್ಧದ ಕಾಲದ್ದು. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರ ತಂಡ 36 ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯ ಮೇಲೆ, 24 ವಾರ ಅರೆಹೊಟ್ಟೆಯ ಊಟ ಕೊಟ್ಟಿತು. ಅವರ ದೇಹತೂಕದ ಕಾಲುಭಾಗದಷ್ಟು ಇಳಿಯಿತು. ಜೊತೆಗೆ ಚಳಿ, ಸುಸ್ತು, ಸಿಡುಕು, ಮಂಕು. ದಿನವಿಡೀ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಓದುತ್ತ ಕೂರುತ್ತಿದ್ದರು. ಊಟ ಮತ್ತೆ ಸಿಕ್ಕಾಗ ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿಯಿಲ್ಲ. ಕೊನೆಗೆ ಅವರ ಮೈಯ ಕೊಬ್ಬು ಪ್ರಯೋಗಕ್ಕೆ ಮುಂಚೆ ಇದ್ದುದಕ್ಕಿಂತ ಹೆಚ್ಚಾಯಿತು. ಬಲವಾದ ಮನಸ್ಸಿನವರನ್ನೇ ಆರಿಸಿಕೊಂಡಿದ್ದರು ಎಂಬುದನ್ನು ಮರೆಯಬಾರದು.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಕೊರತೆ ದೊಡ್ಡದಾಗಿ, ಪ್ರೋಟೀನ್ ಕಡಿಮೆಯಾಗಿ, ವ್ಯಾಯಾಮವೂ ಇಲ್ಲದಿದ್ದರೆ ಇಳಿದ ತೂಕದಲ್ಲಿ ಒಂದು ಪಾಲು ಸ್ನಾಯುವೇ ಆಗಿರುತ್ತದೆ. ಹಿಂದಿರುಗಿ ಬರುವುದು ಬಹುಪಾಲು ಕೊಬ್ಬು. ಬಹಳ ವೇಗವಾಗಿ ಇಳಿಸುವವರಲ್ಲಿ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಹೆಚ್ಚು.

ಹಾಗಾದರೆ ನಿಧಾನವಾಗಿ ಇಳಿಸಿದರೆ ಹಸಿವಿನ ಎಳೆತ ಇರುವುದಿಲ್ಲವೇ? ಇರುತ್ತದೆ. ವೇಗ ಇಲ್ಲಿ ಮುಖ್ಯ ಸಂಗತಿಯಲ್ಲ. ಎಳೆತ ವರ್ಷಗಟ್ಟಲೆ ಇರುವುದರಿಂದ ಅದಕ್ಕೆ ಎದುರಾಗಿ ಹಿಡಿದ ಕ್ರಮವೂ ವರ್ಷಗಟ್ಟಲೆ ಬಾಳಬೇಕು. ಮೂರು ವರ್ಷದ ನಂತರ ಮಾಡುತ್ತಿರಲು ಸಾಧ್ಯವಿಲ್ಲದ್ದನ್ನು ನಾಳೆ ಶುರು ಮಾಡಿ ಉಪಯೋಗವಿಲ್ಲ.

## ಎಷ್ಟು ಇಳಿದರೆ ಸಾಕು

ಹೆಚ್ಚಿನವರು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ. ದೇಹತೂಕದ 5ರಿಂದ 10 ಪ್ರತಿಶತ ಇಳಿದರೆ ರಕ್ತದೊತ್ತಡ, ರಕ್ತದ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಮೂರೂ ಸುಧಾರಿಸುತ್ತವೆ. 80 ಕಿಲೋ ಇರುವವರಿಗೆ ಇದು 4ರಿಂದ 8 ಕಿಲೋ.

ಮಧುಮೇಹದ ಅಂಚಿನಲ್ಲಿದ್ದ 3,234 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಇಟ್ಟ ಗುರಿ ಎರಡೇ: ತೂಕದಲ್ಲಿ 7 ಪ್ರತಿಶತ ಇಳಿಕೆ, ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗೆ ಹೋಲಿಸಿದರೆ ಈ ಗುಂಪಿನಲ್ಲಿ ಮಧುಮೇಹ ಬರುವುದು 58 ಪ್ರತಿಶತ ಕಡಿಮೆಯಾಯಿತು. ರಕ್ತದ ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದ ಗುಂಪಿನಲ್ಲಿ 31 ಪ್ರತಿಶತ.

ಎಷ್ಟು ಕಾಲ ಬೇಕು? "ದಿನಕ್ಕೆ 300 ಕಡಿಮೆ ಮಾಡಿದರೆ 26 ದಿನಕ್ಕೊಂದು ಕಿಲೋ" ಎಂಬುದು ಕಾಗದದ ಲೆಕ್ಕ. ಇಳಿದಂತೆ ಖರ್ಚೂ ಇಳಿಯುವುದರಿಂದ ಅದು ಹಾಗೇ ನಡೆಯುವುದಿಲ್ಲ. ವಾಸ್ತವಕ್ಕೆ ಹತ್ತಿರದ ಅಂದಾಜು ಹೀಗಿದೆ: ದಿನಕ್ಕೆ ಸುಮಾರು 24 ಕ್ಯಾಲೊರಿಯನ್ನು ಶಾಶ್ವತವಾಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ, ಅದರ ಅರ್ಧ ಮೊದಲ ವರ್ಷದಲ್ಲಿ, ಉಳಿದದ್ದರಲ್ಲಿ ಬಹುಪಾಲು ಮುಂದಿನ ಎರಡು ವರ್ಷದಲ್ಲಿ. ದಿನಕ್ಕೆ 240 ಕಡಿಮೆಯಾದರೆ ಮೊದಲ ವರ್ಷ ಸುಮಾರು ಐದು ಕಿಲೋ. ನಿಧಾನ ಅನ್ನಿಸಬಹುದು. ಆದರೆ 240 ಕ್ಯಾಲೊರಿ ಎಂದರೆ ಎರಡು ದೊಡ್ಡ ಚಮಚ ಎಣ್ಣೆ, ಅಷ್ಟೇ.

## ತಟ್ಟೆ ತುಂಬಿರಲಿ, ಕ್ಯಾಲೊರಿ ಇಳಿಯಲಿ

ಹೊಟ್ಟೆ ತುಂಬಿದೆ ಎಂಬ ಅನುಭವಕ್ಕೆ ಆಹಾರದ ಗಾತ್ರ ಮತ್ತು ತೂಕ ದೊಡ್ಡ ಕಾರಣ, ಕ್ಯಾಲೊರಿ ಸಣ್ಣದು. ಜಠರ ಹಿಗ್ಗಿದ್ದನ್ನು ನರಗಳು ಮಿದುಳಿಗೆ ತಿಳಿಸುತ್ತವೆ. ಹಿಗ್ಗಿಸಿದ್ದು ಸೌತೆಕಾಯಿಯೋ ಚಿಪ್ಸೋ ಎಂದು ಅವು ವಿಚಾರಿಸುವುದಿಲ್ಲ. ನೂರು ಗ್ರಾಂ ಸೌತೆಕಾಯಿಯಲ್ಲಿ ಸುಮಾರು 15 ಕ್ಯಾಲೊರಿ, ಸೇಬಿನಲ್ಲಿ 52, ಬೇಯಿಸಿದ ಆಲೂಗಡ್ಡೆಯಲ್ಲಿ 87, ಬೆಂದ ಬೇಳೆಯಲ್ಲಿ 116, ಅನ್ನದಲ್ಲಿ 130, ಬ್ರೆಡ್ಡಿನಲ್ಲಿ 265, ಚಿಪ್ಸಿನಲ್ಲಿ 530, ಎಣ್ಣೆಯಲ್ಲಿ 880ರ ಮೇಲೆ. ನೀರು ಮತ್ತು ನಾರು ಹೆಚ್ಚಿದ್ದಷ್ಟೂ ಅದೇ ತೂಕಕ್ಕೆ ಕ್ಯಾಲೊರಿ ಕಡಿಮೆ. ಎಣ್ಣೆ ಹೆಚ್ಚಿ ನೀರಿನಂಶ ಆರಿದಷ್ಟೂ ಜಾಸ್ತಿ.

ಆಲೂಗಡ್ಡೆಯ ಬಗ್ಗೆ ಒಂದು ಮಾತು, ಪಾಪ, ಅದರ ಮೇಲೆ ಅಪವಾದ ಬಹಳ. 1995ರಲ್ಲಿ ಸಿಡ್ನಿಯ ಸಂಶೋಧಕರು 38 ಬಗೆಯ ಆಹಾರವನ್ನು ತಲಾ 240 ಕ್ಯಾಲೊರಿಯಷ್ಟು ಕೊಟ್ಟು, ಎರಡು ಗಂಟೆಯವರೆಗೆ ಹೊಟ್ಟೆ ಎಷ್ಟು ತುಂಬಿದಂತಿದೆ ಎಂದು ಕೇಳುತ್ತ ಹೋದರು. ಎಲ್ಲಕ್ಕಿಂತ ಮೇಲೆ ಬಂದದ್ದು ಬೇಯಿಸಿದ ಆಲೂಗಡ್ಡೆ. ಅದೇ ಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಎಣ್ಣೆಯಲ್ಲಿ ಕರಿದರೆ ನೀರು ಹೊರಗೆ, ಎಣ್ಣೆ ಒಳಗೆ, ಕ್ಯಾಲೊರಿ ಆರು ಪಟ್ಟು.

ತಟ್ಟೆಯಲ್ಲಿ ಮಾಡಬಹುದಾದ ಬದಲಾವಣೆ ಹೀಗೆ. ಅರ್ಧ ತಟ್ಟೆ ತರಕಾರಿ, ಹಸಿಯದೋ ಬೇಯಿಸಿದ್ದೋ. ಕಾಲುಭಾಗ ಬೇಳೆ, ಕಾಳು, ಮೊಟ್ಟೆ, ಮೀನು, ಕೋಳಿ, ಮೊಸರು ಇಂಥದ್ದು. ಉಳಿದ ಕಾಲುಭಾಗ ಧಾನ್ಯ ಅಥವಾ ಗಡ್ಡೆ. ಏನನ್ನೂ ಬಿಟ್ಟಿಲ್ಲ, ಪಾಲು ಬದಲಾಗಿದೆ. ತರಕಾರಿಯನ್ನು ಮೊದಲು ತಿಂದು ಧಾನ್ಯವನ್ನು ಕೊನೆಗೆ ತಿಂದರೆ ಊಟದ ನಂತರ ರಕ್ತದ ಸಕ್ಕರೆಯ ಏರಿಕೆಯೂ ತಗ್ಗುತ್ತದೆ.

ಪ್ರೋಟೀನಿಗೆ ಮೂರು ಗುಣಗಳಿವೆ. ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ಸ್ನಾಯು ಕರಗದಂತೆ ನೋಡಿಕೊಳ್ಳುತ್ತದೆ. ಅದನ್ನು ಅರಗಿಸಲಿಕ್ಕೇ ಅದರ ಶಕ್ತಿಯ 20ರಿಂದ 30 ಪ್ರತಿಶತ ಖರ್ಚಾಗುತ್ತದೆ. ಕೊಬ್ಬಿಗೆ ಈ ಖರ್ಚು 3 ಪ್ರತಿಶತವನ್ನು ದಾಟುವುದಿಲ್ಲ. ತೂಕ ಇಳಿಸುವಾಗ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.2 ಗ್ರಾಂ ಒಳ್ಳೆಯ ಗುರಿ, 70 ಕಿಲೋದವರಿಗೆ 84 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಬೆಂದ ಬೇಳೆಯಲ್ಲಿ 9 ಗ್ರಾಂ, ಅಷ್ಟೇ ಬೆಂದ ಕೋಳಿಯ ಎದೆಮಾಂಸದಲ್ಲಿ ಸುಮಾರು 30 ಗ್ರಾಂ. ಇದನ್ನು ರಾತ್ರಿಯ ಒಂದೇ ಊಟಕ್ಕೆ ತುಂಬದೆ ಮೂರೂ ಹೊತ್ತಿಗೆ ಹಂಚಬೇಕು. ಬೆಳಗ್ಗೆ ಬರೀ ಪಿಷ್ಟ ತಿಂದವರಿಗೆ ಹನ್ನೊಂದು ಗಂಟೆಗೆ ಕುರುಕಲು ನೆನಪಾಗುವುದಕ್ಕೆ ಕಾರಣ ಇಲ್ಲೇ ಇರುತ್ತದೆ.

ನಾರು ದಿನಕ್ಕೆ 25ರಿಂದ 30 ಗ್ರಾಂ ಬೇಕು. ಉತ್ಸಾಹದಲ್ಲಿ ಒಂದೇ ದಿನ ದುಪ್ಪಟ್ಟು ಮಾಡಿದರೆ ಹೊಟ್ಟೆ ಉಬ್ಬರಿಸಿ, ತರಕಾರಿಯೇ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತೇವೆ. ಮೂರು ನಾಲ್ಕು ವಾರದಲ್ಲಿ ಸ್ವಲ್ಪ ಸ್ವಲ್ಪ ಏರಿಸಿ, ನೀರನ್ನೂ ಹೆಚ್ಚು ಕುಡಿಯಬೇಕು.

ಇನ್ನು ಎಣ್ಣೆ. ಒಂದು ದೊಡ್ಡ ಚಮಚ, ಎಂದರೆ 15 ಮಿಲಿಲೀಟರ್, ಸುಮಾರು 120 ಕ್ಯಾಲೊರಿ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವಾಗ ಒಂದು ಚಮಚಕ್ಕೂ ಮೂರು ಚಮಚಕ್ಕೂ ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ. ಒಂದು ವಾರ ಚಮಚದಲ್ಲಿ ಅಳೆದು ಹಾಕಿ, ಎಷ್ಟು ಹೋಗುತ್ತಿದೆ ಎಂದು ಬರೆದಿಡಿ. ಆಮೇಲೆ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿದರೆ ರುಚಿಯಲ್ಲಿ ಹೆಚ್ಚೇನೂ ಗೊತ್ತಾಗುವುದಿಲ್ಲ. ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಬಹುದು.

ಕಾರ್ಖಾನೆಯಲ್ಲಿ ಹಲವು ಹಂತ ದಾಟಿ ಪೊಟ್ಟಣದಲ್ಲಿ ಬರುವ, ತೆರೆದ ಕೂಡಲೇ ತಿನ್ನಬಹುದಾದ ತಿನಿಸುಗಳದ್ದು ಬೇರೆಯದೇ ತೊಂದರೆ. 2019ರಲ್ಲಿ ಕೆವಿನ್ ಹಾಲ್ ಅವರ ತಂಡ 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಇಂಥ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟಿತು. ಬಡಿಸಿದ ಎರಡರಲ್ಲೂ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮ ಮಾಡಲಾಗಿತ್ತು. ಬೇಕಾದಷ್ಟು ತಿನ್ನಿ ಎಂದು ಬಿಡಲಾಗಿತ್ತು. ಪೊಟ್ಟಣದ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು ಎರಡು ವಾರದಲ್ಲಿ 0.9 ಕಿಲೋ ಏರಿದರು, ಸಾದಾ ಅಡುಗೆಯಲ್ಲಿ ಅಷ್ಟೇ ಇಳಿದರು. ಮೆತ್ತಗಿರುವುದನ್ನು ಬೇಗ ಬೇಗ ನುಂಗಿಬಿಡುತ್ತೇವೆ, ಹೊಟ್ಟೆಯ ಸುದ್ದಿ ಮಿದುಳಿಗೆ ಮುಟ್ಟುವ ಮುಂಚೆಯೇ ತಟ್ಟೆ ಖಾಲಿಯಾಗಿರುತ್ತದೆ ಎಂಬುದು ಒಂದು ಕಾರಣ. ಇವನ್ನು ಪೂರ್ತಿ ನಿಷೇಧಿಸುವ ಅಗತ್ಯವಿಲ್ಲ. ಕಣ್ಣಿಗೆ ಬೀಳದ ಕಡೆ ಇಡುವುದು, ಪೊಟ್ಟಣದಿಂದ ತಿನ್ನದೆ ಬಟ್ಟಲಿಗೆ ಹಾಕಿಕೊಂಡು ತಿನ್ನುವುದು, ಸಣ್ಣ ಪೊಟ್ಟಣ ಕೊಳ್ಳುವುದು ಸಾಕಾಗಬಹುದು.

## ಲೋಟದಲ್ಲಿ ಹೋಗುವ ಕ್ಯಾಲೊರಿ

ಕುಡಿದ ಕ್ಯಾಲೊರಿಯನ್ನು ಹಸಿವು ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. 330 ಮಿಲಿಲೀಟರಿನ ಸಿಹಿ ತಂಪುಪಾನೀಯದಲ್ಲಿ ಸುಮಾರು 35 ಗ್ರಾಂ ಸಕ್ಕರೆ, 140 ಕ್ಯಾಲೊರಿ ಇರುತ್ತದೆ. ಕುಡಿದ ಮೇಲೂ ಊಟ ಅಷ್ಟೇ ಮಾಡುತ್ತೇವೆ. ಹಣ್ಣಿನ ರಸವೂ ಇದೇ ಸಾಲಿನದು: ನಾರು ಸೋಸಿಹೋಗಿ, ಮೂರು ನಾಲ್ಕು ಹಣ್ಣಿನ ಸಕ್ಕರೆ ಒಂದು ಲೋಟದಲ್ಲಿ ಸೇರಿರುತ್ತದೆ. ಹಣ್ಣನ್ನು ಕಚ್ಚಿ ತಿನ್ನಿ. ಚಹಾ, ಕಾಫಿಯಲ್ಲಿ ಒಂದು ಸಣ್ಣ ಚಮಚ ಸಕ್ಕರೆ 16 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಆದರೆ 128. ಒಮ್ಮೆಲೇ ಬಿಟ್ಟರೆ ಬಾಯಿಗೆ ಹಿಡಿಸುವುದಿಲ್ಲ, ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತ ಹೋದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಮದ್ಯ ಕುಡಿಯುವವರು ಅದರ ಗ್ರಾಮಿಗೆ 7ನ್ನೂ ಲೆಕ್ಕಕ್ಕೆ ಸೇರಿಸಬೇಕು.

## ನಡಿಗೆ, ಬಸ್ಕಿ, ಮತ್ತು ಸುಮ್ಮನೆ ಓಡಾಡುವುದು

ವ್ಯಾಯಾಮದಿಂದಲೇ ತೂಕ ಇಳಿಸುತ್ತೇನೆ ಎಂದು ಹೊರಟವರಿಗೆ ನಿರಾಸೆ ಕಾದಿರುತ್ತದೆ. 70 ಕಿಲೋದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 120 ಕ್ಯಾಲೊರಿ. 25 ಗ್ರಾಂ ಬಿಸ್ಕತ್ತಿನಲ್ಲೂ ಅಷ್ಟೇ ಇದೆ. "ಇವತ್ತು ನಡೆದಿದ್ದೇನೆ" ಎಂದು ಆ ಬಿಸ್ಕತ್ತು ತಿಂದರೆ ಲೆಕ್ಕ ಅಲ್ಲಿಗಲ್ಲಿಗೆ.

ಹಾಗಂತ ನಡಿಗೆ ವ್ಯರ್ಥವಲ್ಲ. ತೂಕದ ಯಂತ್ರದ ಮುಳ್ಳು ಅಲುಗದಿದ್ದರೂ ರಕ್ತದೊತ್ತಡ ಇಳಿಯುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಹೊಟ್ಟೆಯ ಒಳಗಿನ ಕೊಬ್ಬು ಕರಗುತ್ತದೆ. ಇಳಿದ ತೂಕ ಇಳಿದೇ ಇರಲು ಇದು ಬಹಳ ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು. ಮಧ್ಯಮ ಎಂದರೆ ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಟ್ಟಿಗೇ ಮಾಡಬೇಕೆಂದಿಲ್ಲ, ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ನಡೆದರೆ ರಕ್ತದ ಸಕ್ಕರೆಗೂ ಒಳ್ಳೆಯದು. ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆ ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ. 4,000 ನಡೆಯುವವರು 6,000ಕ್ಕೆ ಏರಿದರೆ ಅದೂ ಲಾಭವೇ.

ಸ್ನಾಯುವಿಗೆ ಉಪಕರಣ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅದು ಸಲೀಸಾದ ಮೇಲೆ ಬಸ್ಕಿ; ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು; ಭಾರ ತುಂಬಿದ ಚೀಲವನ್ನು ಸೊಂಟದವರೆಗೆ ಎಳೆಯುವುದು. ಒಂದೊಂದನ್ನೂ 8ರಿಂದ 12 ಸಲ, ನಡುವೆ ಒಂದೆರಡು ನಿಮಿಷ ಬಿಡುವು, ಹೀಗೆ ಎರಡು ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟವೆನಿಸದಿದ್ದರೆ ಭಾರ ಸಾಲದು ಎಂದರ್ಥ.

ಇವೆರಡೂ ಅಲ್ಲದ ಮೂರನೆಯದು ಒಂದಿದೆ: ನಿಲ್ಲುವುದು, ಮೆಟ್ಟಿಲು ಹತ್ತುವುದು, ಮನೆಗೆಲಸ, ಕೂತಲ್ಲೇ ಕಾಲಾಡಿಸುವುದು. 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 16 ಮಂದಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲೊರಿ ಹೆಚ್ಚು ತಿನ್ನಿಸಿದರು. ಒಬ್ಬರಿಗೆ ಕೂಡಿದ ಕೊಬ್ಬು 0.36 ಕಿಲೋ, ಇನ್ನೊಬ್ಬರಿಗೆ 4.23 ಕಿಲೋ. ವ್ಯತ್ಯಾಸಕ್ಕೆ ಮುಖ್ಯ ಕಾರಣ ಈ ಗಮನಕ್ಕೆ ಬಾರದ ಓಡಾಟ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡುವುದು, ಫೋನಿನಲ್ಲಿ ಮಾತಾಡುವಾಗ ನಡೆಯುವುದು ಲೆಕ್ಕಕ್ಕೆ ಬರುವಂಥವೇ.

## ನಿದ್ದೆ

ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚು, ಅದೂ ಸಿಹಿ ಮತ್ತು ಕರಿದದ್ದರ ಮೇಲೆ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ದಿನಕ್ಕೆ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ತೂಕ ಹೆಚ್ಚಿದ್ದ 80 ಮಂದಿಯನ್ನು ತೆಗೆದುಕೊಂಡಿತು. ಅವರಲ್ಲಿ ಒಂದು ಗುಂಪಿಗೆ ಊಟದ ಬಗ್ಗೆ ಚಕಾರವೆತ್ತದೆ, ಹೆಚ್ಚು ನಿದ್ದೆ ಮಾಡುವ ಕ್ರಮವನ್ನಷ್ಟೇ ಹೇಳಿಕೊಡಲಾಯಿತು. ನಿದ್ದೆ ಸುಮಾರು 1.2 ಗಂಟೆ ಹೆಚ್ಚಿತು. ನಿದ್ದೆ ಹೆಚ್ಚಿಸದ ಗುಂಪಿಗೆ ಹೋಲಿಸಿದರೆ ಇವರು ತಿನ್ನುವುದು ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆಯಾಯಿತು. ಜೋರು ಗೊರಕೆ, ಹಗಲು ತೂಕಡಿಕೆ ಇದ್ದವರು ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

## ಅಳೆಯುವುದು, ಮತ್ತು ಇಳಿಯುವುದು ನಿಂತಾಗ

ತೂಕ ದಿನದಿಂದ ದಿನಕ್ಕೆ ಒಂದೆರಡು ಕಿಲೋ ಏರಿಳಿಯುವುದು ಸಹಜ. ಉಪ್ಪು, ನೀರು, ಮಲಬದ್ಧತೆ, ಮುಟ್ಟಿನ ದಿನಗಳು ಎಲ್ಲವೂ ಅದರಲ್ಲಿ ಕಾಣುತ್ತವೆ. ಬೆಳಗ್ಗೆ ಶೌಚದ ನಂತರ, ಏನೂ ತಿನ್ನುವ ಮುಂಚೆ, ಅದೇ ಯಂತ್ರದ ಮೇಲೆ ನಿಂತು ಬರೆದಿಟ್ಟು, ವಾರದ ಸರಾಸರಿಯನ್ನು ಮಾತ್ರ ಹೋಲಿಸಿ. ಜೊತೆಗೆ ಸೊಂಟದ ಸುತ್ತಳತೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟಾಗ ಓದಬೇಕು. ಅದು ಎತ್ತರದ ಅರ್ಧಕ್ಕಿಂತ ಕಡಿಮೆ ಇರುವುದು ಒಳ್ಳೆಯದು. 160 ಸೆಂಟಿಮೀಟರ್ ಎತ್ತರದವರಿಗೆ 80ರೊಳಗೆ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ಕೆಲಸ ನಡೆಯುತ್ತಿದೆ.

ಮೂರು ನಾಲ್ಕು ವಾರ ಎರಡೂ ಅಲುಗದಿದ್ದರೆ ಮೊದಲು ವಾರದ ಕೊನೆಯನ್ನು ನೋಡಿ. ಐದು ದಿನ 300ರಂತೆ ಉಳಿಸಿದ 1,500 ಕ್ಯಾಲೊರಿಯನ್ನು ಎರಡು ದಿನ 750ರಂತೆ ಹೆಚ್ಚು ತಿಂದು ಸರಿಸಮ ಮಾಡುವುದು ಬಹಳ ಸುಲಭ. ಆಮೇಲೆ ಎಣ್ಣೆಯ ಚಮಚ, ಅಡುಗೆ ಮಾಡುತ್ತ ಬಾಯಿಗೆ ಹಾಕಿಕೊಳ್ಳುವ ತುತ್ತು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು. ಅಲ್ಲೆಲ್ಲೂ ಸೋರಿಕೆ ಇಲ್ಲದಿದ್ದರೆ ದೇಹವೇ ಹಗುರಾಗಿರುವುದು ಕಾರಣ: ಆರು ಕಿಲೋ ಇಳಿದವರ ಖರ್ಚು ದಿನಕ್ಕೆ 150 ಕ್ಯಾಲೊರಿಯಷ್ಟು ಇಳಿದಿರುತ್ತದೆ. ಆಗ ಇನ್ನೊಂದು ಸಣ್ಣ ಬದಲಾವಣೆ ಸೇರಿಸಬಹುದು, ಅಥವಾ ಗುರಿಯ ತೂಕ ಬಂದಿದ್ದರೆ ಅಲ್ಲೇ ನಿಲ್ಲಬಹುದು.

## ಯಾರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು: ಊಟ ಬದಲಾದಾಗ ಔಷಧದ ಪ್ರಮಾಣವೂ ಬದಲಾಗದಿದ್ದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ರಕ್ತದೊತ್ತಡದ ಮಾತ್ರೆಗೂ ಇದೇ ಎಚ್ಚರಿಕೆ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುಂಚೆ ಕೇಳಬೇಕು. ಗರ್ಭಿಣಿಯರು ತೂಕ ಇಳಿಸಲು ಹೊರಡಬಾರದು. ಹೃದ್ರೋಗ ಇರುವವರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕ ತೊಂದರೆ ಅನುಭವಿಸಿದವರು ಒಬ್ಬರೇ ಪ್ರಯೋಗಕ್ಕೆ ಇಳಿಯಬಾರದು. ಥೈರಾಯ್ಡ್ ಕೊರತೆ, ಸ್ಟೀರಾಯ್ಡ್, ಮಾನಸಿಕ ಕಾಯಿಲೆಗಳಿಗೆ ಕೊಡುವ ಕೆಲವು ಔಷಧಗಳು ತೂಕ ಏರಿಸುತ್ತವೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ಬದಲಿ ಇದೆಯೇ ಎಂದು ಕೇಳಬೇಕು. ಯಾವ ಪ್ರಯತ್ನವನ್ನೂ ಮಾಡದೆ ಕೆಲವು ತಿಂಗಳಲ್ಲಿ ದೇಹತೂಕದ 5 ಪ್ರತಿಶತಕ್ಕಿಂತ ಹೆಚ್ಚು ತಾನಾಗಿ ಇಳಿದಿದ್ದರೆ ಖುಷಿಪಡದೆ ಬೇಗ ತೋರಿಸಿಕೊಳ್ಳಬೇಕು.